ಕಾಗದ ಯಾರ ಮನೆಗೆ ಬರುತ್ತದೆ?

(ದಿವಾದಲ್ಲಿ ಮೋಟಾರು ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ನೆರೆದಿರುವ ನಮ್ಮಲ್ಲಿ ಹೆಚ್ಚಿನವರು ಸೇಠರ ಗಾಡಿ ನಡೆಸುವವರು. ಸ್ವಂತದ್ದಿದ್ದರೂ ಅದು ಸೆಕೆಂಡ್ ಹ್ಯಾಂಡ್. ಆದುದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಗಾಡಿ ಮಾರಿದ ಮೇಲೆ ದೋಷ ಕಂಡುಬಂದರೆ ತಯಾರಕನೇ ಅದನ್ನು ಕರೆಸಿ ಸರಿಪಡಿಸಿ ಕೊಡುವುದಕ್ಕೆ ರೀಕಾಲ್ ಎನ್ನುತ್ತಾರೆ. ೨೦೨೩ರ ಆಗಸ್ಟಿನಲ್ಲಿ ಮಹೀಂದ್ರ ಕಂಪನಿಯು ೧,೦೮,೩೦೬ ಎಕ್ಸ್‌ಯುವಿ ೭೦೦ ಗಾಡಿಗಳನ್ನು ತಪಾಸಣೆಗೆ ಕರೆಸಿತು. ಎಂಜಿನ್ನಿನ ಬಳಿ ಹಾಯ್ದುಹೋಗುವ ವೈರಿನ ಕಟ್ಟು ಉಜ್ಜಿ ಕತ್ತರಿಸಿಹೋಗುವ ಸಂಭವವಿತ್ತಂತೆ. ಇಷ್ಟೇ ತಾನೇ ಎನ್ನಬೇಡಿ. ಎಂಜಿನ್ ನಡುಗುತ್ತಲೇ ಇರುತ್ತದೆ; ವೈರು ಕಬ್ಬಿಣದ ಅಂಚಿಗೆ ತಾಗುತ್ತಿದ್ದರೆ ಮೇಲಿನ ಹೊದಿಕೆ ದಿನದಿನಕ್ಕೆ ಸವೆಯುತ್ತದೆ. ಒಳಗಿನ ತಾಮ್ರವು ಗಾಡಿಯ ಮೈಗೆ ತಗುಲಿತೋ, ಶಾರ್ಟ್ ಸರ್ಕ್ಯೂಟ್! ಫ್ಯೂಜು ಹಾರಿದರೆ ಗಾಡಿ ನಿಂತೀತು, ಜೀವ ಉಳಿದೀತು. ಫ್ಯೂಜಿನ ಜಾಗದಲ್ಲಿ ತಂತಿಯ ತುಂಡು ಸಿಕ್ಕಿಸಿದ್ದರೆ (ಅಂಥ ಮಹಾನುಭಾವರು ನಮ್ಮಲ್ಲಿಯೂ ಉಂಟು) ಹೊತ್ತಿಕೊಳ್ಳುವುದು ವೈರೇ.

೨೦೨೧ರ ಸೆಪ್ಟೆಂಬರಿನಲ್ಲಿ ಮಾರುತಿ ಕಂಪನಿಯು ಎರ್ಟಿಗಾ ಮೊದಲಾದ ೧,೮೧,೭೫೪ ಪೆಟ್ರೋಲ್ ಗಾಡಿಗಳ ಮೋಟಾರ್ ಜನರೇಟರನ್ನು ಪರೀಕ್ಷಿಸಲು ಕರೆಯಿತು. ದುರಸ್ತಿ ಆರಂಭವಾಗುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ನೀರು ನಿಂತ ಕಡೆ ಓಡಿಸಬೇಡಿ ಎಂದಿತು. ಮಳೆ ಬಂದಾಗ ಶಿಳ್ ಫಾಟಾದ ಕಡೆ ಬಾಡಿಗೆ ಹಿಡಿದವನು ಈ ಮಾತನ್ನು ಪಾಲಿಸುವುದೆಂತು? ನೀರು ಕಂಡಲ್ಲಿ ಗಾಡಿ ನಿಲ್ಲಿಸಿದರೆ ಅಂದಿನ ಸಂಪಾದನೆಯೂ ನಿಂತಿತು.

ಕಾನೂನು ಇಲ್ಲವೆಂದಲ್ಲ. ೨೦೧೦ರಲ್ಲಿ ಕೆಲವು ನ್ಯಾನೋ ಗಾಡಿಗಳು ಹೊತ್ತಿಕೊಂಡಾಗ ಟಾಟಾ ಕಂಪನಿಯು ಪುಕ್ಕಟೆಯಾಗಿ ಹೆಚ್ಚಿನ ರಕ್ಷಣೆ ಅಳವಡಿಸಿಕೊಟ್ಟಿತು. ಆದರೆ ಇದು ರೀಕಾಲ್ ಅಲ್ಲವೆಂದಿತು. ಆಗ ಕೇಳುವ ಕಾನೂನಿರಲಿಲ್ಲ. ೨೦೧೯ರ ತಿದ್ದುಪಡಿಯಿಂದ ಸರಕಾರಕ್ಕೆ ಆಜ್ಞೆ ಮಾಡುವ ಅಧಿಕಾರ ಬಂದಿತು. ೨೦೨೧ರ ಏಪ್ರಿಲ್ ೧ರಿಂದ ನಿಯಮಗಳು ಜಾರಿಯಾದವು. ದಂಡವು ೧೦ ಲಕ್ಷದಿಂದ ೧ ಕೋಟಿಯವರೆಗೆ. ಆದರೆ ಅವು ಏಳು ವರ್ಷದೊಳಗಿನ ಗಾಡಿಗೆ ಮಾತ್ರ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ: ಬಡವನ ಕೈಗೆ ಗಾಡಿ ಬರುವುದೇ ಹಳತಾದ ಮೇಲೆ.

ಇನ್ನೊಂದು ತೊಡಕು. ಕಂಪನಿಯ ಕಾಗದ ಹೋಗುವುದು ಅದರ ದಫ್ತರದಲ್ಲಿ ಹೆಸರಿರುವ ಮಾಲೀಕನಿಗೆ. ಆತ ಗಾಡಿ ಮಾರಿ ವರ್ಷಗಳಾಗಿರಬಹುದು. ಇಲ್ಲವೇ ಕಾಗದವನ್ನು ಮೇಜಿನ ಮೇಲಿಟ್ಟು ಮರೆತಿರಬಹುದು. ಸ್ಟೀರಿಂಗ್ ಹಿಡಿದು ಕುಳಿತವನಿಗೆ ಸುದ್ದಿಯೇ ಇಲ್ಲ.

ಆರ್.ಸಿ.ಯಲ್ಲಿ ೧೭ ಅಕ್ಷರ-ಅಂಕಿಗಳ ಚಾಸಿಸ್ ನಂಬರು ಇದೆ. ಅದನ್ನು ಬರೆದುಕೊಂಡು ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ, "ಈ ಗಾಡಿಯ ಮೇಲೆ ರೀಕಾಲ್ ಬಾಕಿ ಇದೆಯೇ?" ಎಂದು ಕೇಳಿರಿ. ರೀಕಾಲಿನ ಕೆಲಸಕ್ಕೆ ದುಡ್ಡಿಲ್ಲ. ಆದರೆ ಗಾಡಿ ಅಲ್ಲಿ ನಿಂತ ದಿನದ ಕೂಲಿಯನ್ನು ಸೇಠರು ಮುರಿದುಕೊಳ್ಳಕೂಡದು. ಅದನ್ನು ನಾವು ಒಟ್ಟಾಗಿ ಕೇಳಬೇಕು. ಓದು ಬರಹ ತೊಡಕಾದವರು ನಂಬರನ್ನು ಭಾನುವಾರ ಸಂಘಕ್ಕೆ ತಂದು ಕೊಡಿರಿ. ನಾವೇ ವಿಚಾರಿಸಿ ತಿಳಿಸುವೆವು.