ಶರೀರದ ಪುನರುತ್ಥಾನ: ನಮ್ಮ ನಿರೀಕ್ಷೆಯ ಸ್ವರೂಪ

(ಶತಮಾನೋತ್ಸವ ವರ್ಷದ ಸಕಲ ಮೃತರ ಸ್ಮರಣೆಯ ದಿನದಂದು ಸಮಾಧಿಭೂಮಿಯಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳ ಹಿಂದೆ ನಮ್ಮ ದೇವಾಲಯವನ್ನು ಕಟ್ಟಿದ ಹಿರಿಯರಲ್ಲಿ ಬಹುಮಂದಿ ಇಂದು ನಾವು ನಿಂತಿರುವ ಈ ಮಣ್ಣಿನಲ್ಲಿಯೇ ವಿಶ್ರಮಿಸುತ್ತಿದ್ದಾರೆ. ಅವರ ಸಮಾಧಿಗಳ ಮೇಲೆ ಹೂವಿಟ್ಟು ಮೇಣದ ಬತ್ತಿ ಹಚ್ಚಿದ್ದೇವೆ. ಪ್ರೇಷಿತರ ವಿಶ್ವಾಸ ಸಂಗ್ರಹವನ್ನು ಪಠಿಸುವಾಗಲೆಲ್ಲ ಶರೀರದ ಪುನರುತ್ಥಾನವನ್ನು ವಿಶ್ವಾಸಿಸುವುದಾಗಿ ಸಾರುತ್ತೇವೆ. ಆದರೆ ಅಂತಿಮ ದಿನದಂದು ಏಳುವುದು ಯಾವುದು? ಈ ದೇಹವೋ, ಆತ್ಮ ಮಾತ್ರವೋ?

ಇದು ಕೇವಲ ಪಂಡಿತರ ಪ್ರಶ್ನೆಯಲ್ಲ. 2021ರ ಕೊರೋನಾ ಪಿಡುಗಿನ ಕಾಲದಲ್ಲಿ ತಂದೆಯನ್ನು ದೂರದ ಪಟ್ಟಣದಲ್ಲಿ ಕಳೆದುಕೊಂಡ ಯುವಕನೊಬ್ಬನು ನಮ್ಮಲ್ಲಿಗೆ ಬಂದಿದ್ದನು. ಶವವನ್ನು ದಹಿಸಲಾಗಿತ್ತು; ಅವನ ಕೈಗೆ ದೊರೆತದ್ದು ಒಂದು ಮಡಕೆ ಬೂದಿ. "ಸ್ವಾಮಿ, ಅಪ್ಪ ಏಳುವರೇ?" ಎಂದು ಕೇಳಿದನು. ಅವರ ಆತ್ಮವು ದೇವರ ಕೈಯಲ್ಲಿದೆ ಎಂದಷ್ಟೇ ಹೇಳಿ ಕಳುಹಿಸಿದೆವು. ಆ ಉತ್ತರ ತಪ್ಪಲ್ಲ. ಆದರೆ ಅರ್ಧ ಮಾತ್ರ. ಅಂದು ಹೇಳದೆ ಉಳಿದ ಅರ್ಧವನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಬಯಸುತ್ತೇವೆ.

ಈ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳುಂಟು. ಪುನರುತ್ಥಾನವೆಂದರೆ ಶವಕ್ಕೆ ಹಳೆಯ ಜೀವ ಮರಳುವುದು ಎಂಬುದು ಮೊದಲನೆಯದು. ಲಾಸರನು ಕೈಕಾಲುಗಳಿಗೆ ಸುತ್ತಿದ ಬಟ್ಟೆಯೊಡನೆಯೇ ಹೊರಬಂದನು. ಆತನು ಪುನಃ ಸಾಯಬೇಕಾಗಿತ್ತು. ಯೇಸುಸ್ವಾಮಿಯವರ ಸಮಾಧಿಯಲ್ಲಾದರೋ ಬಟ್ಟೆಗಳು ಹಿಂದುಳಿದವು. ಅವರ ಮೇಲೆ ಮರಣಕ್ಕೆ ಇನ್ನು ಅಧಿಕಾರವಿಲ್ಲ. ಏಳುವುದು ಆತ್ಮ ಮಾತ್ರ, ದೇಹವು ಕಳಚಿ ಎಸೆದ ಅಂಗಿಯಂತೆ ಎಂಬುದು ಎರಡನೆಯ ತಪ್ಪು. ಶಿಷ್ಯರು ಭೂತವನ್ನು ಕಂಡೆವೆಂದು ಬೆದರಿದಾಗ ಪ್ರಭುವು ಕೈಕಾಲುಗಳನ್ನು ತೋರಿಸಿ, ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರಿಗೇ ತಿಂದರೆಂದು ಸಂತ ಲೂಕರು ಬರೆಯುತ್ತಾರೆ. ತೋಮನಿಗೆ ತೋರಿಸಿದ್ದು ಶಿಲುಬೆಯ ಗಾಯಗಳನ್ನೇ. ಆದರೂ ಮುಚ್ಚಿದ ಬಾಗಿಲು ಅವರನ್ನು ತಡೆಯಲಿಲ್ಲ. ಎಮ್ಮಾವುಸಿನ ಹಾದಿಯಲ್ಲಿ ಜೊತೆ ನಡೆದವರಿಗೆ ರೊಟ್ಟಿ ಮುರಿಯುವವರೆಗೆ ಗುರುತೇ ಸಿಗಲಿಲ್ಲ. ದೇಹವು ಅದೇ, ಅದರ ಸ್ಥಿತಿ ಮಾತ್ರ ಹೊಸದು.

ಕ್ರಿ.ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಸಂತ ಪೌಲರು ಇದನ್ನೇ ಬೀಜದ ಉಪಮೆಯಿಂದ ವಿವರಿಸಿದರು. ಬಿತ್ತಿದ ಕಾಳಿಗೂ ಬೆಳೆದ ತೆನೆಗೂ ರೂಪದಲ್ಲಿ ಎಷ್ಟೋ ಅಂತರ. ಆದರೆ ಆ ಕಾಳಿನಿಂದಲೇ ಈ ತೆನೆ. ಏಳುವ ದೇಹಕ್ಕೆ ಅವರು ಗ್ರೀಕ್ ಭಾಷೆಯಲ್ಲಿ 'ಸೋಮ ಪ್ನ್ಯೂಮತಿಕೋನ್' ಎಂದರು, ಅಂದರೆ ಆತ್ಮಿಕ ದೇಹ. ಇದನ್ನು ಗಾಳಿಯಿಂದಾದ ದೇಹವೆಂದು ತಿಳಿಯತಕ್ಕದ್ದಲ್ಲ. ದೇಹವು ಯಾವುದರಿಂದ ಮಾಡಲ್ಪಟ್ಟಿದೆ ಎಂಬುದನ್ನಲ್ಲ, ಯಾರಿಂದ ಜೀವಿಸುತ್ತದೆ ಎಂಬುದನ್ನು ಆ ಪದವು ಸೂಚಿಸುತ್ತದೆ. ಪವಿತ್ರಾತ್ಮರಿಂದ ಸಂಪೂರ್ಣವಾಗಿ ತುಂಬಿದ ದೇಹವೇ ಆತ್ಮಿಕ ದೇಹ.

ಹಾಗಾದರೆ ಬೂದಿಯಾದವರ ಗತಿಯೇನು? ಈ ಪ್ರಶ್ನೆಗೆ ರಕ್ತಸಾಕ್ಷಿಗಳು ಎಂದೋ ಉತ್ತರ ಕೊಟ್ಟಿದ್ದಾರೆ. 177ರಲ್ಲಿ ಗಾಲ್ ದೇಶದ ಲಿಯೋನ್ ನಗರದಲ್ಲಿ ಹಿಂಸಕರು ಕ್ರೈಸ್ತರನ್ನು ಕೊಂದು, ಅವರ ದೇಹಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಎಸೆದರು. ಇವರಿಗೆ ಪುನರುತ್ಥಾನದ ಆಸೆಯೇ ಉಳಿಯಬಾರದೆಂಬುದು ಅವರ ಉದ್ದೇಶವಾಗಿತ್ತೆಂದು ಇತಿಹಾಸಕಾರ ಯೂಸೇಬಿಯಸರ ಗ್ರಂಥದಲ್ಲಿ ದಾಖಲಾಗಿದೆ. ಧರ್ಮಸಭೆಯಾದರೋ ಆ ಸಾಕ್ಷಿಗಳನ್ನು ಸಂತರೆಂದೇ ಗೌರವಿಸಿತು. ಮಣ್ಣಿನಿಂದ ಮನುಷ್ಯನನ್ನು ರೂಪಿಸಿದವರಿಗೆ ನದಿಯ ಬೂದಿಯು ಅಡ್ಡಿಯಾಗುವುದೇ? ಮುಂದಿನ ಶತಮಾನದಲ್ಲಿ ಓರಿಜನರು, ನಮ್ಮ ದೇಹದ ದ್ರವ್ಯವು ಬದುಕಿರುವಾಗಲೇ ನದಿಯ ನೀರಿನಂತೆ ಹರಿದು ಬದಲಾಗುತ್ತಿದ್ದರೂ ವ್ಯಕ್ತಿಯ ಗುರುತು ಅಳಿಯುವುದಿಲ್ಲವೆಂದು ತೋರಿಸಿದರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಎಲ್ಲರೂ ತಮ್ಮ ತಮ್ಮ ದೇಹದೊಡನೆಯೇ ಏಳುವರೆಂದು ಘೋಷಿಸಿತು. ಆತ್ಮವು ಮನುಷ್ಯನ ಒಂದು ಭಾಗವೇ ಹೊರತು ಪೂರ್ಣ ಮನುಷ್ಯನಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆದುದರಿಂದ ಆತ್ಮ ಮಾತ್ರ ಉಳಿದರೆ ನಮ್ಮ ರಕ್ಷಣೆ ಪೂರ್ಣವಾಗದು.

ಧರ್ಮಸಭೆಯು ಬಹುಕಾಲ ದಹನವನ್ನು ನಿಷೇಧಿಸಿದ್ದುದು ಬೆಂಕಿಗೆ ಅಂಜಿ ಅಲ್ಲ. ಪುನರುತ್ಥಾನವನ್ನು ನಿರಾಕರಿಸುವ ಕುರುಹಾಗಿ ಕೆಲವರು ಅದನ್ನು ಬಳಸಿದ್ದರಿಂದ. 1963ರಲ್ಲಿ ಆ ನಿಷೇಧವು ಸಡಿಲವಾಯಿತು. 1983ರ ಧರ್ಮಸಭಾ ಕಾನೂನು ಭೂಸ್ಥಾಪನೆಯನ್ನೇ ಮನಃಪೂರ್ವಕವಾಗಿ ಶಿಫಾರಸು ಮಾಡಿದರೂ, ವಿಶ್ವಾಸಕ್ಕೆ ವಿರುದ್ಧವಾದ ಉದ್ದೇಶವಿಲ್ಲದ ದಹನವನ್ನು ತಡೆಯುವುದಿಲ್ಲ. ಬೂದಿಯನ್ನು ಗಾಳಿಗೆ, ನೀರಿಗೆ ತೂರದೆ ಪವಿತ್ರ ಸ್ಥಳದಲ್ಲಿ ಗೌರವದಿಂದ ಇಡಬೇಕೆಂದು 2016ರಲ್ಲಿ ರೋಮಿನಿಂದ ಬಂದ ಸೂಚನೆಯು ತಿಳಿಸಿದೆ. ಜ್ಞಾನಸ್ನಾನದ ನೀರು ಬಿದ್ದ ದೇಹವದು, ಪರಮಪ್ರಸಾದವನ್ನು ಸ್ವೀಕರಿಸಿದ ದೇಹವದು.

ಪ್ರಿಯರೇ, ಏಳಲಿರುವ ದೇಹವನ್ನು ಸತ್ತ ಮೇಲೆ ಮಾತ್ರ ಗೌರವಿಸಿದರೆ ಸಾಲದು. ಹಾಸಿಗೆ ಹಿಡಿದ ತಾಯಿಯ ಬೆನ್ನು ಒರೆಸುವ ಕೈ, ಹಸಿದವನ ಮುಂದೆ ಅನ್ನವಿಡುವ ಕೈ ಶರೀರದ ಪುನರುತ್ಥಾನವನ್ನು ನಾಲಿಗೆಗಿಂತ ಸ್ಪಷ್ಟವಾಗಿ ಸಾರುತ್ತದೆ.

ಆ ಯುವಕನು ಇಂದು ನಮ್ಮ ನಡುವೆಯೇ ಇದ್ದಾನೆ. ಅವನ ತಂದೆಯ ಬೂದಿಯು ಈ ಪವಿತ್ರ ಮಣ್ಣಿನಲ್ಲಿದೆ. ಅವನಿಗೂ, ತಮ್ಮವರ ಮುಖವನ್ನು ಕೊನೆಯ ಸಲ ಕಾಣಲಾರದೆ ಹೋದ ನಿಮಗೆಲ್ಲರಿಗೂ ಹೇಳುತ್ತೇವೆ: ಅವರು ಏಳುವರು. ಅವರ ನೆನಪಲ್ಲ, ನೆರಳಲ್ಲ, ಅವರೇ ಏಳುವರು. ಮಾಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆದ ಪ್ರಭುವು ಅವರನ್ನೂ ಹೆಸರು ಹಿಡಿದು ಕರೆಯುವರು. ಆ ದಿನದವರೆಗೆ ನಮ್ಮ ಹಿರಿಯರೆಲ್ಲರಿಗೂ ನಿತ್ಯ ವಿಶ್ರಾಂತಿ ಲಭಿಸಲೆಂದು ಪ್ರಾರ್ಥಿಸೋಣ.