ನಮ್ಮ ಹೆಸರಿನ ಉದ್ರಿ ಪುಸ್ತಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿದರು. ಅಲ್ಲಿನ ರಸ್ತೆ, ಕಟ್ಟಡ, ಹಿಮ ಎಲ್ಲವನ್ನೂ ನೀವು ಫೋನಿನಲ್ಲೇ ನೋಡಿದ್ದೀರಿ. ಅಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ ಎಂಬುದನ್ನು ಮಾತ್ರ ಹೋಗುವ ಮಕ್ಕಳಿಗೆ ಯಾರೂ ಹೇಳಿ ಕಳಿಸುವುದಿಲ್ಲ. ಅದನ್ನೇ ಹೇಳುತ್ತೇನೆ.

ನಮ್ಮೂರಿಗೆ ಹೊಸ ಮೇಷ್ಟ್ರು ಬಂದರೆ, ಯಾರಾದರೂ ಹಿರಿಯರು "ಒಳ್ಳೇ ಜನ, ಕೊಡ್ರಿ" ಎಂದರೆ ಮನೆ ಸಿಗುತ್ತದೆ. ಬೆಂಗಳೂರಿನಲ್ಲಿ ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ, ಕೈತುಂಬ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು. ಅಮೆರಿಕದಲ್ಲಿ ಮೊದಲು ಅರ್ಜಿ ತುಂಬಬೇಕು. ಹೆಚ್ಚಿನ ಕಡೆ ಅರ್ಜಿಗೂ ಶುಲ್ಕ ಉಂಟು. ಆಮೇಲೆ ಮಾಲೀಕರು ಎರಡು ವಿಷಯ ತರಿಸಿ ನೋಡುತ್ತಾರೆ: ಒಂದು ಕ್ರೆಡಿಟ್ ರಿಪೋರ್ಟ್, ಇನ್ನೊಂದು ಹಿಂದಿನ ಮನೆಗಳ ಬಾಡಿಗೆ ಚರಿತ್ರೆ.

ಕ್ರೆಡಿಟ್ ರಿಪೋರ್ಟ್ ಎಂದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಎಂದುಕೊಳ್ಳಿ. ಯಾವ ಸಾಲ ತೆಗೆದಿರಿ, ಯಾವಾಗ ಕಟ್ಟಿದಿರಿ, ಎಷ್ಟು ಬಾಕಿ ಎಲ್ಲವೂ ಅದರಲ್ಲಿದೆ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಈ ಲೆಕ್ಕ ಇಡುತ್ತವೆ. ಅದರಿಂದ 300ರಿಂದ 850ರ ನಡುವೆ ಒಂದು ಅಂಕ ಬರುತ್ತದೆ. ಬಾಡಿಗೆ ಚರಿತ್ರೆಯನ್ನು ಒದಗಿಸುವ ಕಂಪನಿಗಳು ಬೇರೆ. ಹಿಂದೆ ಬಾಡಿಗೆ ಬಾಕಿ ಉಳಿಸಿದ್ದೀರಾ, ಮನೆ ಖಾಲಿ ಮಾಡಿಸಲು ಮಾಲೀಕರು ಕೋರ್ಟಿಗೆ ಹೋಗಿದ್ದರಾ ಎಂಬುದು ಅದರಲ್ಲಿ ಬರುತ್ತದೆ. ಅಂಥ ಕೇಸು ಏಳು ವರ್ಷದವರೆಗೆ ಬೆನ್ನು ಹತ್ತಿ ಬರಬಹುದು.

ಹೊಸದಾಗಿ ಹೋದ ವಿದ್ಯಾರ್ಥಿಯ ಪುಸ್ತಕ ಖಾಲಿ. ಇಲ್ಲಿನ ಸಿಬಿಲ್ ಅಂಕ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲ ವರ್ಷ ವಿಶ್ವವಿದ್ಯಾಲಯದ ವಸತಿ ಕೇಳಿ. ಹೊರಗೆ ಮನೆ ಹಿಡಿಯುವುದಾದರೆ ಬ್ಯಾಂಕಿನ ಪತ್ರ, ಕೆಲಸವಿದ್ದರೆ ನೇಮಕಾತಿ ಪತ್ರ ತೋರಿಸಿ. ನಾಲ್ವರು ಸೇರಿ ಒಂದು ಕರಾರಿಗೆ ಸಹಿ ಹಾಕುವಾಗ ಜೋಪಾನ. ಸಾಮಾನ್ಯವಾಗಿ ಪೂರ್ತಿ ಬಾಡಿಗೆಗೆ ಒಬ್ಬೊಬ್ಬರೂ ಹೊಣೆ. ಒಬ್ಬ ನಡುವೆ ಬಿಟ್ಟು ಹೋದರೆ ಅವನ ಪಾಲನ್ನು ಉಳಿದವರು ತುಂಬಬೇಕು. ತುಂಬದಿದ್ದರೆ ನಾಲ್ವರ ಹೆಸರೂ ಕೆಡುತ್ತದೆ. ಮನೆ ಬಿಡುವಾಗ ಮುಂಚಿತವಾಗಿ ಬರಹದಲ್ಲಿ ತಿಳಿಸಿ, ಬಾಕಿ ಇಲ್ಲವೆಂದು ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಮುಂದಿನ ಮನೆಗೆ ಅದೇ ಶಿಫಾರಸು.

ಇನ್ನು ತಪ್ಪು ಲೆಕ್ಕದ ಮಾತು. ನನಗೆ ಪರಿಚಯದ ಒಬ್ಬ ಕನ್ನಡದ ಹುಡುಗನಿಗೆ ಹೀಗಾಯಿತು. ಹೆಂಡತಿ, ಕೂಸು ಊರಿನಿಂದ ಹೊರಡುವ ದಿನ ಗೊತ್ತಾಗಿತ್ತು. ಮನೆಯ ಅರ್ಜಿ ತಿರಸ್ಕಾರವಾಯಿತು. ಕಾರಣ, ಅವನು ಕಾಲಿಡದ ರಾಜ್ಯದಲ್ಲಿ ಅವನದೇ ಹೆಸರಿನ ಇನ್ನೊಬ್ಬ ಉಳಿಸಿದ್ದ ಬಾಡಿಗೆ ಇವನ ಲೆಕ್ಕಕ್ಕೆ ಸೇರಿತ್ತು. ಅವನು ಪಾಸ್‌ಪೋರ್ಟ್, ಹಳೆಯ ಕರಾರು ಎಲ್ಲ ಕಳಿಸಿ ತಿದ್ದಿಸಿದ. ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಗಿತ್ತು. ಕೂಸನ್ನು ಕಟ್ಟಿಕೊಂಡು ಮೂರು ವಾರ ಗೆಳೆಯರ ಮನೆಯ ಹಾಲಿನಲ್ಲಿ ಮಲಗಿದರು.

ಅವನಿಗೆ ನೆರವಾದದ್ದು 1970ರ ಒಂದು ಕಾನೂನು. ವರದಿಯ ಕಾರಣಕ್ಕೆ ಮನೆ ಕೊಡದಿದ್ದರೆ, ಅಥವಾ ಹೆಚ್ಚು ಡಿಪಾಸಿಟ್ ಕೇಳಿದರೆ, ವರದಿ ಕೊಟ್ಟ ಕಂಪನಿ ಯಾವುದೆಂದು ಮಾಲೀಕರು ಹೇಳಲೇಬೇಕು. 60 ದಿನದೊಳಗೆ ಕೇಳಿದರೆ ಆ ವರದಿ ಉಚಿತ. ತಪ್ಪಿದೆ ಎಂದು ತಕರಾರು ಕೊಟ್ಟರೆ ಸಾಮಾನ್ಯವಾಗಿ 30 ದಿನದಲ್ಲಿ ಪರಿಶೀಲಿಸಬೇಕು. ಅಂಗಡಿಯ ಪುಸ್ತಕ ನೋಡಿ "ಈ ಸಕ್ಕರೆ ನಾನು ಒಯ್ದಿಲ್ಲ" ಎನ್ನುವ ಹಕ್ಕು ನಮಗಿದೆಯಲ್ಲ, ಇದೂ ಹಾಗೆಯೇ. ಆ ಮೂರು ಸಂಸ್ಥೆಗಳ ವರದಿಯನ್ನು ವಾರಕ್ಕೊಮ್ಮೆ ಉಚಿತವಾಗಿ ನೋಡಬಹುದು. ಮನೆ ಹುಡುಕುವ ಮೊದಲೇ ನೋಡಿಕೊಳ್ಳಿ.

ಇಲ್ಲಿ ನಮ್ಮ ಗುರುಗಳಿಗೆ ಒಂದು ಬಿನ್ನಹ. ಜೂನ್ 1ರಂದು ಹುಟ್ಟಿದವರು ಕೈ ಎತ್ತಿ ಎಂದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ ಎಂದು ನಿಮಗೇ ಗೊತ್ತು! ಶಾಲೆಗೆ ಸೇರಿಸುವಾಗ ಬರೆದ ಹೆಸರು, ತಾರೀಖು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಾಗುತ್ತದೆ. ಸ್ವಂತ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಹೆಸರು ಗೊತ್ತಿಲ್ಲ ಎಂದು ಬರುತ್ತದೆ. ಒಂದು ಕಾಗದದಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಇಬ್ಬರ ಲೆಕ್ಕ ಬೆರೆಯುವುದು ಸುಲಭ. ಹತ್ತನೇ ತರಗತಿಯ ನೋಂದಣಿ ಹೊತ್ತಿಗೆ ಮಕ್ಕಳ ತಂದೆತಾಯಿಯನ್ನು ಕರೆಸಿ ಹೆಸರಿನ ಒಂದೊಂದು ಅಕ್ಷರವನ್ನೂ ಓದಿಸಿ.

ಊರಲ್ಲೇ ಇರುವವರಿಗೂ ಇದು ದೂರದ ಮಾತೇನಲ್ಲ. ನಮ್ಮ ದೇಶದಲ್ಲೂ ಸಿಬಿಲ್ ಸೇರಿ ಇಂಥ ನಾಲ್ಕು ಸಂಸ್ಥೆಗಳಿವೆ. ಬ್ಯಾಂಕಿನಲ್ಲಿ ಯಾರಿಗಾದರೂ ಜಾಮೀನು ಹಾಕಿದರೆ ಆ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿನ ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಉಂಟು. ಮಗಳ ಓದಿಗೆ ಸಾಲ ಕೇಳಲು ಹೋದ ದಿನವೇ ಹಳೆಯ ತಪ್ಪು ಬಾಕಿ ತಿಳಿದರೆ ತಿದ್ದಿಸಲು ಹೊತ್ತಿರುವುದಿಲ್ಲ.

ಈ ಶಾಲೆಯಿಂದ ಹೊರ ಹೋಗುವ ಯಾವ ಮಗುವಿಗಾದರೂ ಮನೆ ಹುಡುಕುವಲ್ಲಿ, ಪತ್ರ ಬರೆಯುವಲ್ಲಿ ನೆರವು ಬೇಕಾದರೆ ಸಂಘದ ಮೂಲಕ ನಮಗೆ ತಿಳಿಸಿ. ಅಲ್ಲಿರುವ ನಾವು ಕೆಲವರು ಸಿದ್ಧರಿದ್ದೇವೆ.