ಕಬ್ಬಿನ ವಂಶ ಹುಡುಕಿದ ಜಾನಕಿ ಅಮ್ಮಾಳ್

(ಬೋಡಿನಾಯಕನೂರಿನ ಕಲಿಕೆ ಕೇಂದ್ರದಲ್ಲಿ ಆಡಿದ ಮಾತು)



ನಮ್ಮ ತೇನಿ ಜಿಲ್ಲೆಗೆ ಕಬ್ಬು ಹೊಸದಲ್ಲ. ಕಬ್ಬು ಕಡಿದವರು, ಕಟ್ಟು ಹೊತ್ತವರು ಇಲ್ಲೇ ಕೂತಿದ್ದೀರಿ. 'ಕೋ 86032' ಅನ್ನೋ ಕಬ್ಬಿನ ಹೆಸರು ಕೇಳಿರುತ್ತೀರಿ. ಈಗ ನಿಮಗೆ ಅಕ್ಷರ ಬಂದಿದೆ. ಆ ಹೆಸರು ಓದಿ ನೋಡಿ. 'ಕೋ' ಅಂದರೆ ಕೊಯಮತ್ತೂರು. ಅಲ್ಲಿ ಕಬ್ಬು ತಳಿ ಸಂಸ್ಥೆ ಇದೆ. ಶುರುವಾಗಿದ್ದು 1912ರಲ್ಲಿ.

ನಾವು ಕಬ್ಬು ನೆಡೋದು ತುಂಡಿನಿಂದ. ಗಿಣ್ಣಿನಲ್ಲಿರೋ ಕಣ್ಣು ಚಿಗುರುತ್ತೆ. ಹೀಗೆ ಬೆಳೆದ ಮಗಳು ಕಬ್ಬು ತಾಯಿಯ ಹಾಗೇ ಇರುತ್ತೆ. ತಾಯಿಗೆ ರೋಗ ತಡೆಯೋ ಶಕ್ತಿ ಇಲ್ಲದಿದ್ದರೆ ಮಗಳಿಗೂ ಇಲ್ಲ. ಹೊಸ ತಳಿ ಬೇಕಾದರೆ ಹೂವಿಗೇ ಹೋಗಬೇಕು. ಕಬ್ಬಿನ ಹೂವಿಗೆ ಸೂಲಂಗಿ ಅಂತಾರೆ. ಕೊಯಮತ್ತೂರಿನ ಹವೆಗೆ ಸೂಲಂಗಿ ಚೆನ್ನಾಗಿ ಬರುತ್ತೆ. ಒಂದು ಕಬ್ಬಿನ ಹೂಪುಡಿಯನ್ನ ಇನ್ನೊಂದರ ಹೂವಿಗೆ ಸೋಕಿಸುತ್ತಾರೆ. ಆಗ ಬೀಜ ಕಟ್ಟುತ್ತೆ. ಅದು ರಾಗಿಗಿಂತ ಸಣ್ಣದು. ಸಾವಿರಾರು ಸಸಿ ಬೆಳೆಸಿ, ಕೊನೆಗೆ ಒಂದೋ ಎರಡೋ ಉಳಿಸಿಕೊಳ್ತಾರೆ. ಇದಕ್ಕೆ ಹತ್ತು ಹನ್ನೆರಡು ವರ್ಷ ಬೇಕು.

ಅಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅನ್ನೋರು ಸಿಹಿ ಕಬ್ಬನ್ನ ಕಾಡು ಹುಲ್ಲಿನ ಜೊತೆ ಕೂಡಿಸಿದರು. ಹೊಳೆ ದಡದಲ್ಲಿ ಬಿಳಿ ಹೂ ಬಿಡುತ್ತಲ್ಲ, ತಮಿಳಲ್ಲಿ ನಾಣಲ್ ಅಂತೀವಲ್ಲ, ಅದೇ ಹುಲ್ಲು. ಅದರಲ್ಲಿ ಸಿಹಿ ಇಲ್ಲ. ಆದರೆ ಬರಕ್ಕೂ ರೋಗಕ್ಕೂ ಬಗ್ಗದ ಗಟ್ಟಿ ಜೀವ! ಹೀಗೆ ಹುಟ್ಟಿದ ಕೋ 205 ತಳಿ 1918ರಲ್ಲಿ ಪಂಜಾಬಿನ ಹೊಲಗಳಿಗೆ ಹೋಯಿತು.

1934ರಲ್ಲಿ ಈ ಸಂಸ್ಥೆಗೆ ಒಬ್ಬ ಹೆಣ್ಣುಮಗಳು ವಿಜ್ಞಾನಿಯಾಗಿ ಬಂದರು. ಅವರೇ ಜಾನಕಿ ಅಮ್ಮಾಳ್. ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ಮದರಾಸಿನಲ್ಲಿ ಓದಿದರು. ಅಮೆರಿಕದ ಮಿಶಿಗನ್‌ಗೆ ಹೋಗಿ 1931ರಲ್ಲಿ ಡಾಕ್ಟರ್ ಪದವಿ ಪಡೆದರು. ಆ ಕಾಲದಲ್ಲಿ ಹೆಣ್ಣುಮಕ್ಕಳು ಹಡಗು ಹತ್ತಿ ಓದಕ್ಕೆ ಹೋಗೋದು ಸಣ್ಣ ಮಾತಾ? ಅವರು ಕೊನೇವರೆಗೂ ಮದುವೆ ಆಗಲಿಲ್ಲ. ಒಂಟಿ ಹೆಂಗಸು, ಮೇಲುಜಾತಿಯಲ್ಲ ಅನ್ನೋ ಕಾರಣಕ್ಕೆ ಕೆಲಸದ ಜಾಗದಲ್ಲಿ ಕಷ್ಟಪಟ್ಟರು ಅಂತ ಅವರ ಜೀವನ ಬರೆದವರು ಹೇಳ್ತಾರೆ.

ಅವರ ಕೆಲಸ ಸೂಕ್ಷ್ಮದರ್ಶಕದಲ್ಲಿ. ಪ್ರತಿ ಜೀವಿಯ ಒಳಗೂ ಕಣ್ಣಿಗೆ ಕಾಣದ ಎಳೆಗಳಿರುತ್ತವೆ. ಅವಕ್ಕೆ ವರ್ಣತಂತು ಅಂತ ಹೆಸರು. ತಾಯಿತಂದೆಯ ಗುಣ ಮಕ್ಕಳಿಗೆ ಬರೋದು ಇವುಗಳಿಂದಲೇ. ಮನುಷ್ಯನಿಗೆ 46. ಹಳೇ ಸಿಹಿ ಕಬ್ಬಿಗೆ 80. ಇವತ್ತಿನ ಬೆರಕೆ ಕಬ್ಬಿಗೆ ನೂರಕ್ಕಿಂತ ಹೆಚ್ಚು! ಕಾಡು ಹುಲ್ಲಿನಲ್ಲಂತೂ ಒಂದೊಂದು ಸೀಮೆಯದಕ್ಕೆ ಒಂದೊಂದು ಲೆಕ್ಕ. ಜಾನಕಿ ಅಮ್ಮಾಳ್ ಇದನ್ನ ಕೂತು ಎಣಿಸಿದರು. ಕಬ್ಬನ್ನ ಮುಸುಕಿನ ಜೋಳದ ಜೊತೆಗೂ ಕೂಡಿಸಿ, 1938ರಲ್ಲಿ ಅದರ ವರದಿ ಬರೆದರು. ಆ ಗಿಡ ರೈತರ ಹೊಲಕ್ಕೆ ಬರಲಿಲ್ಲ. ಆದರೆ ಕಬ್ಬಿನ ನೆಂಟರು ಯಾರು ಅನ್ನೋದು ತಿಳಿಯಿತು.

ಭಾರತದ ಕಬ್ಬಿಗೆ ಸಿಹಿ ತಂದವರು ಇವರೇ ಅಂತ ಕೆಲವರು ಬರೀತಾರೆ. ಅದು ಪೂರ್ತಿ ಸರಿಯಲ್ಲ. ಕೋ 205 ಹೊಲಕ್ಕೆ ಬಂದಾಗ ಅವರಿನ್ನೂ ಓದ್ತಾ ಇದ್ದರು. ಮಾಡಿದ್ದನ್ನ ಮಾಡಿದಷ್ಟೇ ಹೇಳೋಣ, ಅದೇ ಬೇಕಾದಷ್ಟಿದೆ.

1939ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಭೆಗೆ ಹೋದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಅಲ್ಲೇ ಉಳಿದು ಸಂಶೋಧನೆ ಮಾಡಿದರು. ಬೆಳೆಗಳ ವರ್ಣತಂತುಗಳ ಲೆಕ್ಕ ಕೊಡೋ ದೊಡ್ಡ ಪುಸ್ತಕವನ್ನ ಡಾರ್ಲಿಂಗ್ಟನ್ ಜೊತೆ ಸೇರಿ 1945ರಲ್ಲಿ ತಂದರು. 1951ರಲ್ಲಿ ಪ್ರಧಾನಿ ನೆಹರೂ ಕರೆದರು ಅಂತ ದೇಶಕ್ಕೆ ವಾಪಸು ಬಂದರು. ಇಳಿವಯಸ್ಸಿನಲ್ಲೂ ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನ ಅಣೆಕಟ್ಟೆಯಿಂದ ಉಳಿಸಿ ಅಂತ ಹೋರಾಡಿದರು. 1977ರಲ್ಲಿ ಪದ್ಮಶ್ರೀ ಬಂತು. 1984ರಲ್ಲಿ ತೀರಿಕೊಂಡರು. ಆಗ ವಯಸ್ಸು 86. ಅಲ್ಲೀತನಕ ಚೆನ್ನೈ ಹತ್ತಿರದ ಮಧುರವಾಯಲ್‌ನಲ್ಲಿ ಗಿಡಗಳ ಕೆಲಸ ಬಿಟ್ಟಿರಲಿಲ್ಲ.

ಕೋ 86032ರ ವಿಚಾರ ಉಳೀತು. ಅದು ರೈತರಿಗೆ ಬಿಡುಗಡೆ ಆಗಿದ್ದು 2000ದಲ್ಲಿ. ಅದರ ತಾಯಿತಂದೆ ಕೋ 62198 ಮತ್ತು ಕೋಸಿ 671. ಅದರ ವಂಶ ಹಿಂದಕ್ಕೆ ಹುಡುಕಿಕೊಂಡು ಹೋದರೆ ನಾಣಲ್ ಹುಲ್ಲು ಸಿಗುತ್ತೆ.

ನಿಮ್ಮ ಹೊಲದ ಕಡೆ ಸೂಲಂಗಿ ಕಂಡರೆ ಒಂದು ತನ್ನಿ. ನಾನು ಭೂತಗನ್ನಡಿ ತರ್ತೀನಿ. ಬೀಜ ಹುಡುಕೋಣ.